ಬ್ಯಾಂಕಾಕ್: ಬರೆಯುವಾಗ ತತ್ಸಮ, ಮಾತಾಡುವಾಗ ತದ್ಭವ

ಪ್ರಶ್ನೆ: ನಾನು ದಾವಣಗೆರೆ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ. ಬೇಸಿಗೆ ರಜೆಯಲ್ಲಿ, ಏಪ್ರಿಲ್ ಮೂರನೆಯ ವಾರ, 68 ವರ್ಷದ ನನ್ನ ತಾಯಿಯನ್ನು ಕರೆದುಕೊಂಡು ಐದು ದಿನ ಬ್ಯಾಂಕಾಕ್ ನೋಡಿ ಬರಬೇಕೆಂದಿದ್ದೇನೆ. ತಾಯಿಗೆ ಮೊಣಕಾಲು ನೋವು, ಪ್ಯಾಕೇಜ್ ಪ್ರವಾಸದವರ ಬಾವುಟದ ಹಿಂದೆ ಓಡುವುದು ಆಗದ ಮಾತು. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಅಲ್ಲಿನ ಹೆಸರುಗಳನ್ನು ಇಂಗ್ಲಿಷ್‌ನಲ್ಲಿ ನೋಡಿದರೆ ಹೇಗೆ ಓದಬೇಕೆಂದೇ ತಿಳಿಯುವುದಿಲ್ಲ. ನಾವಾಗಿಯೇ ಓಡಾಡಬಹುದೇ? ಏನು ನೋಡಬೇಕು, ಯಾವುದರಲ್ಲಿ ಹೋಗಬೇಕು?

ಉತ್ತರ: ಧಾರಾಳವಾಗಿ ಓಡಾಡಬಹುದು. ಯಾವ ದಾರಿಗೆ ಯಾವ ವಾಹನ ಎಂದು ಸ್ವಲ್ಪ ಯೋಚಿಸಿ ಆರಿಸಿಕೊಂಡರೆ ತಾಯಿಯವರ ಮೊಣಕಾಲಿಗೂ ಆ ಊರು ಒಗ್ಗುತ್ತದೆ. ಉಚ್ಚಾರದ ವಿಷಯದಲ್ಲಂತೂ ನೀವು ಕನ್ನಡ ಶಿಕ್ಷಕಿ ಎಂಬುದೇ ಅರ್ಧ ಸಿದ್ಧತೆ. ನಾನು ಹನ್ನೆರಡು ವರ್ಷಗಳಿಂದ ಕೆಲಸದ ಮೇಲೆ ಬ್ಯಾಂಕಾಕಿಗೆ ಹೋಗಿಬರುತ್ತಿದ್ದೇನೆ. ಇಂಗ್ಲಿಷ್ ಕೈಪಿಡಿಗಳನ್ನು ಹಿಡಿದು ಅಲೆಯುತ್ತಿದ್ದಾಗ ಮುಖ ಕೊಡದ ಊರು, ಶಾಲೆಯಲ್ಲಿ ಕಲಿತ ತತ್ಸಮ-ತದ್ಭವದ ಪಾಠವನ್ನು ನೆನೆದ ದಿನ ಮಾತಿಗೆ ಸಿಕ್ಕಿತು. ಆದ್ದರಿಂದ ಹೆಸರುಗಳಿಂದಲೇ ಶುರುಮಾಡುತ್ತೇನೆ.

ಮೊದಲ ಪ್ರವಾಸದ ಕೊನೆಯ ದಿನ. ಹೋಟೆಲಿನ ಮುಂದೆ ಟ್ಯಾಕ್ಸಿ ಹತ್ತಿ, ವಿಮಾನನಿಲ್ದಾಣದ ಹೆಸರನ್ನು ಅಚ್ಚುಕಟ್ಟಾಗಿ ‘ಸುವರ್ಣಭೂಮಿ’ ಎಂದೆ. ಚಾಲಕನಿಗೆ ತಿಳಿಯಲಿಲ್ಲ. ಇನ್ನಷ್ಟು ಸ್ಪಷ್ಟವಾಗಿ, ಒತ್ತಕ್ಷರಕ್ಕೆ ಒತ್ತು ಕೊಟ್ಟು ಹೇಳಿದೆ. ಆಗಲೂ ಇಲ್ಲ. ಕೊನೆಗೆ ಟಿಕೆಟ್ ತೋರಿಸಿದಾಗ ಅವನ ಮುಖ ಅರಳಿತು: ‘ಓ, ಸುವನ್ನಫೂಮ್!’ ಹೆಸರು ಒಂದೇ. 2006ರಲ್ಲಿ ಆರಂಭವಾದ ಆ ನಿಲ್ದಾಣಕ್ಕೆ ದೊರೆ ಭೂಮಿಬಲ ಇಟ್ಟ ಹೆಸರು ಅಪ್ಪಟ ಸಂಸ್ಕೃತದ್ದು. ಥಾಯ್ ಲಿಪಿಯಲ್ಲಿ ಅದನ್ನು ರೇಫವೂ ಮಹಾಪ್ರಾಣವೂ ಕೊನೆಯ ಇಕಾರವೂ ಇರುವಂತೆಯೇ ಬರೆಯುತ್ತಾರೆ. ಆದರೆ ನಾಲಿಗೆಯ ಮೇಲೆ ‘ವರ್ಣ’ ನಮ್ಮಲ್ಲಿ ‘ಬಣ್ಣ’ವಾದ ಹಾಗೆ ಅಲ್ಲಿ ‘ವನ್ನ’ವಾಗುತ್ತದೆ, ‘ಭೂಮಿ’ಯ ಇಕಾರ ಬಿದ್ದುಹೋಗಿ ‘ಫೂಮ್’ ಉಳಿಯುತ್ತದೆ. ಥಾಯ್ ಜನ ಬರೆಯುವುದು ತತ್ಸಮ, ನುಡಿಯುವುದು ತದ್ಭವ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಊರಿನ ಅರ್ಧ ಫಲಕಗಳು ನಿಮಗೆ ಪರಿಚಿತವಾಗಿಬಿಡುತ್ತವೆ.

ಒಂದು ಸೂಚನೆ ಇಲ್ಲಿಯೇ ಕೊಡಬೇಕು. ಈ ಉತ್ತರದಲ್ಲಿ ನಾನು ‘ಫ’ ಎಂದು ಬರೆದಲ್ಲೆಲ್ಲ ಅದು ‘ಫಲ’ದ ಫ, ತುಟಿ ಕೂಡಿಸಿ ಉಸಿರು ಬಿಟ್ಟು ಹೇಳುವಂಥದ್ದು; ‘ಫೋನ್’ನ ಫ ಅಲ್ಲ. ಇಂಗ್ಲಿಷ್ ಫಲಕದಲ್ಲಿ ಪಿ ಅಕ್ಷರದ ಮುಂದೆ ಎಚ್ ಕಂಡರೂ ಹಾಗೆಯೇ. ಟಿ ಮುಂದೆ ಎಚ್ ಇದ್ದರೆ ‘ಥ’, ಕೆ ಮುಂದೆ ಎಚ್ ಇದ್ದರೆ ‘ಖ’. ಇಂಗ್ಲಿಷರಿಗೆ ಇದು ತಲೆನೋವು. ನಮಗೆ ವರ್ಣಮಾಲೆಯಲ್ಲೇ ಬಂದಿದೆ.

ವರ್ಣಮಾಲೆ ಎಂದಾಗ ನನಗೆ ಅತ್ಯಂತ ಸಂತೋಷ ಕೊಟ್ಟ ಸಂಗತಿಯನ್ನು ಹೇಳದಿರಲಾರೆ. ಥಾಯ್ ಲಿಪಿಯಲ್ಲಿ 44 ವ್ಯಂಜನಗಳಿವೆ. ಪಲ್ಲವ ಲಿಪಿಯಿಂದ ಖ್ಮೇರ್ ಲಿಪಿ, ಅದರಿಂದ ಥಾಯ್ ಲಿಪಿ ಎಂಬುದು ಅದರ ವಂಶಾವಳಿ. ಮಕ್ಕಳ ಅಕ್ಷರ ಪುಸ್ತಕವೊಂದನ್ನು ಕೊಂಡು ತೆರೆದರೆ ಅದೇ ಕವರ್ಗ, ಅದೇ ಚವರ್ಗ, ಟವರ್ಗ, ತವರ್ಗ, ಪವರ್ಗ. ನಂತರ ಯ ರ ಲ ವ. ಅದರ ಮುಂದೆ ಶ ಷ ಸ ಹ ಳ. ನಮ್ಮ ಮಕ್ಕಳು ಒಂದನೆಯ ತರಗತಿಯಲ್ಲಿ ಹಾಡುವ ಆ ‘ಶ ಷ ಸ ಹ ಳ’ ಅದೇ ಸಾಲಿನಲ್ಲಿ ಅಲ್ಲಿ ನಿಂತಿದೆ, ‘ಳ’ ಸಮೇತ. ಶ, ಷ, ಸ ಮೂರನ್ನೂ ಅವರು ‘ಸ’ ಎಂದೇ ಓದುತ್ತಾರೆ, ‘ಳ’ವನ್ನು ‘ಲ’ ಎನ್ನುತ್ತಾರೆ. ಆದರೂ ಬರವಣಿಗೆಯಲ್ಲಿ ಒಂದನ್ನೂ ಬಿಟ್ಟುಕೊಟ್ಟಿಲ್ಲ. ನಿಮ್ಮ ತರಗತಿಗೆ ಅಂಥದೊಂದು ಪುಸ್ತಕ ತನ್ನಿ, ಮಕ್ಕಳಿಗೆ ತೋರಿಸಬಹುದು.

ಈಗ ಬದಲಾವಣೆಯ ಸೂತ್ರಗಳು. ಥಾಯ್ ಮಾತಿನಲ್ಲಿ ಗಕಾರವಿಲ್ಲ. ನಮ್ಮ ಗ, ಘ ಎರಡೂ ‘ಖ’ ಆಗುತ್ತವೆ. ದ, ಧ ಎರಡೂ ‘ಥ’. ಬ, ಭ ಎರಡೂ ‘ಫ’. ಇನ್ನೊಂದು ದಿಕ್ಕಿನಲ್ಲಿ ನಮ್ಮ ಪಕಾರ ಹಲವು ಕಡೆ ‘ಬ’, ತಕಾರ ಹಲವು ಕಡೆ ‘ದ’ ಆಗುತ್ತದೆ. ಪದದ ಕೊನೆಯಲ್ಲಿ ರ, ಲ ಬಂದರೆ ‘ನ್’. ಶ, ಸ, ಜ ಬಂದರೆ ‘ತ್’. ಹೀಗೆ ನಗರ ‘ನಖಾನ್’, ದೇವ ‘ಥೇಪ್’, ದೇಶ ‘ಥೇತ್’, ರಾಜ ‘ರಾತ್’, ವಿಹಾರ ‘ವಿಹಾನ್’, ಪುರಿ ‘ಬುರಿ’, ತುಷಿತ ‘ದುಸಿತ್’. ಕಾಂಚನಪುರಿ ‘ಕಾನ್ಚನಬುರಿ’. ರಾಜದೇವಿ ಎಂಬ ರೈಲು ನಿಲ್ದಾಣ ‘ರಾತ್ಛಥೇವಿ’. ಸುರಶಕ್ತಿ ‘ಸುರಸಕ್’. ಊರ ನಡುವಿನ ದೊಡ್ಡ ಉದ್ಯಾನ ‘ಲುಂಫಿನಿ’, ಬುದ್ಧ ಹುಟ್ಟಿದ ಲುಂಬಿನಿಯೇ ಅದು. ‘ಅಸೋಕ್’ ಯಾರೆಂದು ನಾನು ಹೇಳಬೇಕಾಗಿಲ್ಲ. ಅವರ ದುಡ್ಡು ‘ಬಾತ್’ ಕೂಡ ‘ಪಾದ’ವೇ, ನಾವು ‘ಕಾಲು’ ಎಂದು ಅಂಗಕ್ಕೂ ಅಳತೆಗೂ ಹೇಳುವ ಹಾಗೆ ಪಾದವೂ ನಾಲ್ಕನೆಯ ಒಂದು ಭಾಗ.

ಒತ್ತಕ್ಷರದಿಂದ ಪದ ಆರಂಭವಾದರೆ ಅದನ್ನು ಬಿಡಿಸುತ್ತಾರೆ, ನಾವು ‘ಶ್ರೀ’ಯನ್ನು ‘ಸಿರಿ’ ಮಾಡಿದ ಹಾಗೆ. ಸ್ಥಾನದಿಂದ ಬಂದದ್ದು ‘ಸಥಾನೀ’, ಅಂದರೆ ನಿಲ್ದಾಣ. ಮೆಟ್ರೊ ಏರಿದಾಗ ಧ್ವನಿವರ್ಧಕದಲ್ಲಿ ‘ಸಥಾನೀ ತೊ ಪಾಯ್’ ಎಂದು ಕೇಳಿಬರುತ್ತದೆ. ಮುಂದಿನ ನಿಲ್ದಾಣ ಎಂದರ್ಥ. ಅದರ ಹಿಂದೆಯೇ ಬರುವ ಪದಕ್ಕೆ ಕಿವಿಗೊಡಿ, ಸ್ಥಳೀಯರ ಉಚ್ಚಾರವನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಗುರುವಿಲ್ಲ. ಇಂಗ್ಲಿಷ್‌ನಲ್ಲಿ ‘ಸಿಯಾಮ್’ ಎಂದು ಓದುವ ನಿಲ್ದಾಣವನ್ನು ಅಲ್ಲಿ ‘ಸಯಾಮ್’ ಎನ್ನುವುದು ಆಗ ತಿಳಿಯುತ್ತದೆ. ನಮಸ್ಕಾರಕ್ಕೆ ಹೇಳುವ ‘ಸವತ್‌ದೀ’ ಕೂಡ ಇದೇ ಸೂತ್ರದ ಕೂಸು. ‘ಸ್ವಸ್ತಿ’ಯ ಒತ್ತು ಬಿಡಿಸಿ, ನಡುವಿನ ಸಕಾರವನ್ನು ತಕಾರ ಮಾಡಿ, ತಕಾರವನ್ನು ದಕಾರ ಮಾಡಿದರೆ ಸವತ್‌ದೀ. ನೀವೂ ತಾಯಿಯವರೂ ಅದರ ಕೊನೆಗೆ ‘ಖ’ ಸೇರಿಸಬೇಕು, ಗಂಡಸರು ‘ಖ್ರಪ್’ ಸೇರಿಸುತ್ತಾರೆ. ಇದು ನಮ್ಮ ‘ರೀ’ಯಂತೆ, ಇಲ್ಲದಿದ್ದರೆ ಮಾತು ಒರಟಾಗಿ ಕೇಳುತ್ತದೆ. ಧನ್ಯವಾದಕ್ಕೆ ‘ಖೊಪ್ ಖುನ್ ಖ’. ಬೀದಿಯಲ್ಲಿ ರಕಾರವನ್ನು ನುಂಗುತ್ತಾರೆ: ‘ಖ್ರಪ್’ ಎಂಬುದು ‘ಖಪ್’, ‘ಕ್ರುಂಗ್ ಥೇಪ್’ ಎಂಬುದು ‘ಕುಂಗ್ ಥೇಪ್’ ಎಂದು ಕೇಳಿಸೀತು. ಗಾಬರಿಯಾಗಬೇಡಿ.

ಕ್ರುಂಗ್ ಥೇಪ್ ಎಂಬುದು ಬ್ಯಾಂಕಾಕಿಗೆ ಅಲ್ಲಿನವರು ಹೇಳುವ ಹೆಸರು, ದೇವನಗರ ಎಂದು ಅರ್ಥ. ಹಳೆಯ ರಾಜಧಾನಿ ಅಯುತ್ಥಯಾ 1767ರಲ್ಲಿ ಬರ್ಮಾ ಸೈನ್ಯಕ್ಕೆ ಬಿದ್ದ ಮೇಲೆ, 1782ರಲ್ಲಿ ದೊರೆ ಒಂದನೆಯ ರಾಮ ಈ ರಾಜಧಾನಿಯನ್ನು ಕಟ್ಟಿದ. ಅದರ ಪೂರ್ಣ ಹೆಸರು ಒಂದು ಬಿರುದಾವಳಿಯೇ ಸರಿ. ನವರತ್ನ ರಾಜಧಾನಿ, ಪುರಿರಮ್ಯ, ಉತ್ತಮ ರಾಜನಿವೇಶನ, ಮಹಾಸ್ಥಾನ ಎಂದೆಲ್ಲ ಸಾಗಿ, ಇಂದ್ರ ಕೊಟ್ಟದ್ದು, ವಿಶ್ವಕರ್ಮ ಕಟ್ಟಿದ್ದು ಎಂದು ಮುಗಿಯುತ್ತದೆ. ‘ಬಾಂಗ್‌ಕಾಕ್’ ಅದಕ್ಕಿಂತ ಹಳೆಯ, ಬಡವರ ಹೆಸರು. ನೀರ ಬದಿಯ ಹಳ್ಳಿಗೆ ‘ಬಾಂಗ್’. ‘ಕಾಕ್’ ಎಂಬುದು ‘ಮಕಾಕ್’ ಮರದಿಂದ ಬಂದಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಮಕಾಕ್ ಎಂದರೆ ನಮ್ಮ ಅಮಟೆಕಾಯಿ. ಅಮಟೆಯ ಉಪ್ಪಿನಕಾಯಿ ಹಾಕುವ ನಿಮ್ಮ ತಾಯಿಗೆ ಈ ಊರಿನ ಹೆಸರನ್ನು ಪರಿಚಯಿಸಲು ಇದಕ್ಕಿಂತ ಹತ್ತಿರದ ದಾರಿ ನನಗೆ ಕಾಣದು.

ಕನ್ನಡಿಗರಾದ ನಾವು ತಪ್ಪುವ ಜಾಗಗಳೂ ಇವೆ. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಉಕಾರ ಸೇರಿಸುವುದು ನಮ್ಮ ಅಭ್ಯಾಸ: ಬಸ್ಸು, ಕಾರು, ರೋಡು. ಥಾಯ್‌ನಲ್ಲಿ ‘ವತ್’ ಎಂದರೆ ದೇವಾಲಯ. ‘ವತ್ತು’ ಎಂದರೆ ಯಾರಿಗೂ ಅರ್ಥವಾಗದು. ಕೊನೆಯ ತ್, ಪ್, ಕ್‌ಗಳನ್ನು ಬಾಯಲ್ಲಿ ಹಿಡಿದು ಹಾಗೆಯೇ ನಿಲ್ಲಿಸಿ, ಹೊರಗೆ ಬಿಡಬೇಡಿ.

ಅದಕ್ಕಿಂತ ಮುಖ್ಯವಾದದ್ದು ಮಹಾಪ್ರಾಣ. ಬರೆಯುವಾಗ ನಾವು ಖ, ಥ, ಫ ಬಿಡುವುದಿಲ್ಲ, ಆದರೆ ದಿನದ ಮಾತಿನಲ್ಲಿ ಬಹಳಷ್ಟು ಜನ ಉಸಿರನ್ನು ಕೈಬಿಡುತ್ತೇವೆ. ಇದರ ಬೆಲೆ ನನಗೆ ತಿಳಿದದ್ದು ಸೀಲೊಮ್ ಬಳಿಯ ಒಂದು ತಳ್ಳುಗಾಡಿಯ ಮುಂದೆ. ನಡುವಯಸ್ಸಿನ ಹೆಂಗಸು ಕಾದ ಬಾಣಲೆಗೆ ಅನ್ನ ಹಾಕಿ, ಸೌಟಿನ ಬೆನ್ನಿನಿಂದ ಉಂಡೆಗಳನ್ನು ಒಡೆಯುತ್ತಿದ್ದಳು. ಮೊಟ್ಟೆ ಹಾಕಬೇಡಿ ಎಂಬುದಕ್ಕೆ ನಾನು ಕಲಿತುಕೊಂಡು ಹೋಗಿದ್ದ ಮಾತು ‘ಮಾಯ್ ಸಾಯ್ ಖೈ’. ನನ್ನ ಬಾಯಿಂದ ಬಂದದ್ದು ‘ಮಾಯ್ ಸಾಯ್ ಕೈ’. ಅವಳು ತಲೆಯಾಡಿಸಿ, ಪಕ್ಕದಲ್ಲಿದ್ದ ಕೋಳಿಯ ತುಂಡುಗಳ ತಟ್ಟೆಯನ್ನು ಆಚೆ ಸರಿಸಿ, ನಗುನಗುತ್ತಾ ಎರಡು ಮೊಟ್ಟೆ ಒಡೆದು ಹಾಕಿದಳು. ಅವರ ಮಾತಿನಲ್ಲಿ ‘ಖೈ’ ಎಂದರೆ ಮೊಟ್ಟೆ, ‘ಕೈ’ ಎಂದರೆ ಕೋಳಿ. ನಾನು ಕೇಳಿದ್ದನ್ನೇ ಅವಳು ಮಾಡಿದ್ದಳು. ಹೀಗೆಯೇ ‘ಫೆತ್’ ಎಂದರೆ ಖಾರ, ‘ಪೆತ್’ ಎಂದರೆ ಬಾತುಕೋಳಿ. ‘ಮಾಯ್ ಫೆತ್’ ಎಂದರೆ ಖಾರ ಬೇಡ ಎಂದಾಗುತ್ತದೆ. ಹೊರಡುವ ಮುಂಚೆ ಅಂಗೈಯನ್ನು ತುಟಿಯ ಮುಂದೆ ಹಿಡಿದು ಕ-ಖ, ಪ-ಫ, ತ-ಥ ಹೇಳಿ ಅಭ್ಯಾಸ ಮಾಡಿ. ಎರಡನೆಯದರಲ್ಲಿ ಅಂಗೈಗೆ ಗಾಳಿ ತಾಗಬೇಕು.

ಊಟದ ಮಾತು ಬಂದದ್ದರಿಂದ ಅದನ್ನೂ ಮುಗಿಸಿಬಿಡುತ್ತೇನೆ. ಸಸ್ಯಾಹಾರಕ್ಕೆ ಅವರ ಪದ ‘ಮಂಗ್‌ಸವಿರತ್’. ಬಿಡಿಸಿ ನೋಡಿದರೆ ಮಾಂಸ-ವಿರತಿ. ಎಷ್ಟು ಚಂದದ ಪದ! ಆದರೆ ಇದರಲ್ಲಿ ಮೊಟ್ಟೆ ಬರಬಹುದು. ನಿಮ್ಮಿಬ್ಬರಿಗೆ ಬೇಕಾದ ಪದ ‘ಜೇ’. ಇದು ಚೀನೀ ಬೌದ್ಧರ ಸಂಪ್ರದಾಯದ ಊಟ. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಬೆಳ್ಳುಳ್ಳಿ, ಈರುಳ್ಳಿಯೂ ಇಲ್ಲ. ಹಳದಿ ಬಟ್ಟೆಯ ಮೇಲೆ ಕೆಂಪಿನಲ್ಲಿ ಎರಡೇ ಅಕ್ಷರ ಬರೆದ ಪುಟ್ಟ ಬಾವುಟ ಕಂಡರೆ ಅಲ್ಲಿ ಜೇ ಊಟ ಸಿಗುತ್ತದೆ. ಬೇರೆ ಕಡೆ ತರಕಾರಿ ಅನ್ನ ಎಂದು ಕೊಟ್ಟದ್ದರಲ್ಲೂ ಮೀನಿನ ರಸ ಇರುತ್ತದೆ, ಅವರಿಗೆ ಅದು ಉಪ್ಪಿನಂತೆ. ‘ಮಾಯ್ ಸಾಯ್ ನಾಮ್ ಪ್ಲಾ’ ಎಂದು ಹೇಳಲೇಬೇಕು. ಬೇಸರವಾದ ದಿನ ಫಾಹುರತ್‌ಗೆ ಹೋಗಿ. ಗುರುದ್ವಾರದ ಸುತ್ತಲಿನ ಆ ಬಟ್ಟೆಪೇಟೆಯಲ್ಲಿ ರೊಟ್ಟಿ, ದಾಲ್, ಚಹಾ ಎಲ್ಲ ಸಿಗುತ್ತವೆ.

ಸ್ವರದ ಏರಿಳಿತದ ಬಗ್ಗೆ ಹೆಚ್ಚು ಹೆದರಿಸುವುದಿಲ್ಲ. ಥಾಯ್‌ನಲ್ಲಿ ಐದು ಏರಿಳಿತಗಳಿವೆ, ಐದು ದಿನದಲ್ಲಿ ಬರುವಂಥವಲ್ಲ. ಒಂದನ್ನು ಮಾತ್ರ ತಿಳಿದಿರಿ. ‘ಕ್ಲಾಯ್’ ಎಂದು ಸಮವಾಗಿ ಹೇಳಿದರೆ ದೂರ. ನಾವು ಮಕ್ಕಳನ್ನು ‘ಬಾ!’ ಎಂದು ಖಡಾಖಂಡಿತವಾಗಿ ಕರೆಯುವಾಗ ದನಿ ಮೇಲಿಂದ ಕೆಳಗೆ ಬೀಳುತ್ತದಲ್ಲ, ಹಾಗೆ ಹೇಳಿದರೆ ಹತ್ತಿರ. ಮೊಣಕಾಲು ನೋವಿನವರನ್ನು ಕರೆದುಕೊಂಡು ಈ ಪದವನ್ನು ನೆಚ್ಚಬಾರದು. ‘ಕೀ ನಾಥೀ’, ಎಷ್ಟು ನಿಮಿಷ, ಎಂದು ಕೇಳಿ ಬೆರಳಲ್ಲಿ ತೋರಿಸಲು ಹೇಳಿ.

ಓಡಾಟಕ್ಕೆ ಬರೋಣ. ಉಳಿದುಕೊಳ್ಳಲು ಸೀಲೊಮ್ ಭಾಗವನ್ನು ಆರಿಸಿ ಎಂಬುದು ನನ್ನ ಸಲಹೆ. ಅಲ್ಲಿ ಎತ್ತರದ ಕಂಬಗಳ ಮೇಲೆ ಓಡುವ ಬಿಟಿಎಸ್‌ನ ಸಾಲಾ ದೇಂಗ್ ನಿಲ್ದಾಣವೂ, ನೆಲದಡಿಯ ಎಂಆರ್‌ಟಿಯ ಸೀಲೊಮ್ ನಿಲ್ದಾಣವೂ ಪಕ್ಕಪಕ್ಕದಲ್ಲಿವೆ. ಜೊತೆಗೆ ಅದೇ ರಸ್ತೆಯಲ್ಲಿ ತಮಿಳು ವಲಸಿಗರು 19ನೆಯ ಶತಮಾನದಲ್ಲಿ ಕಟ್ಟಿದ ಮಾರಿಯಮ್ಮನ ಗುಡಿ ಇದೆ. ತಾಯಿಯವರಿಗೆ ಸಂಜೆ ಹೂವು, ಕುಂಕುಮ, ಮಂಗಳಾರತಿಯ ಮುಂದೆ ಒಂದು ಗಳಿಗೆ ಕೂರಲು ಜಾಗ ಸಿಕ್ಕಂತಾಗುತ್ತದೆ. ಥಾಯ್ ಭಕ್ತರೂ ಅಲ್ಲಿ ಚೆಂಡುಹೂವಿನ ಮಾಲೆ ಹಿಡಿದು ಸಾಲಾಗಿ ನಿಂತಿರುತ್ತಾರೆ.

ಸುವನ್ನಫೂಮ್‌ನಲ್ಲಿ ಇಳಿದರೆ ಕಟ್ಟಡದ ತಳಮಹಡಿಯಿಂದಲೇ ರೈಲು ಹೊರಡುತ್ತದೆ. 45 ಬಾತ್‌ಗೆ ಅರ್ಧ ಗಂಟೆಯೊಳಗೆ ಫಯಾ ಥಾಯ್ ತಲುಪುತ್ತೀರಿ. ಅಲ್ಲಿ ಬಿಟಿಎಸ್ ಹತ್ತಿ, ಸಯಾಮ್‌ನಲ್ಲಿ ಇಳಿದು, ಅದೇ ಪ್ಲಾಟ್‌ಫಾರಂನ ಎದುರು ಬದಿಯ ರೈಲು ಹಿಡಿದರೆ ಸಾಲಾ ದೇಂಗ್. ಆದರೆ ಪೆಟ್ಟಿಗೆಗಳಿದ್ದು ತಾಯಿ ದಣಿದಿದ್ದರೆ ಮೊದಲ ದಿನ ಟ್ಯಾಕ್ಸಿಯೇ ಲೇಸು. ನಿಲ್ದಾಣದ ಅಧಿಕೃತ ಸಾಲಿನಲ್ಲಿ ಚೀಟಿ ಪಡೆದು, ಮೀಟರ್ ಹಾಕಿಸಿ. ಮೀಟರಿನ ಮೊತ್ತದ ಮೇಲೆ ನಿಲ್ದಾಣದ ಸಣ್ಣ ಶುಲ್ಕವನ್ನೂ ಹೆದ್ದಾರಿಯ ಸುಂಕವನ್ನೂ ನೀವೇ ಕೊಡಬೇಕು. ಹೋಟೆಲಿನ ಹೆಸರನ್ನು ಥಾಯ್ ಲಿಪಿಯಲ್ಲಿ ಮೊಬೈಲ್‌ನಲ್ಲಿ ಉಳಿಸಿಟ್ಟುಕೊಳ್ಳಿ. ಬಾಯಿ ಸೋತಲ್ಲಿ ಅದು ನೆರವಿಗೆ ಬರುತ್ತದೆ.

ಎಂಆರ್‌ಟಿಯ ಟೋಕನ್ ನಮ್ಮ ಮೆಟ್ರೊದ್ದರಂತೆಯೇ ಪ್ಲಾಸ್ಟಿಕ್ ಬಿಲ್ಲೆ. ವಿದೇಶದಲ್ಲಿ ಬಳಸಲು ಅನುಮತಿ ಪಡೆದ ಬ್ಯಾಂಕ್ ಕಾರ್ಡ್ ಇದ್ದರೆ ಗೇಟಿಗೆ ತಾಗಿಸಿ ಒಳಗೆ ಹೋಗಬಹುದು. ಬಿಟಿಎಸ್ ಬೇರೆ ಸಂಸ್ಥೆಯದು, ಅದಕ್ಕೆ ಬೇರೆ ಟಿಕೆಟ್. ಎಲ್ಲ ಬಿಟಿಎಸ್ ದ್ವಾರಗಳಲ್ಲೂ ಲಿಫ್ಟ್ ಇರುವುದಿಲ್ಲ. ಲಿಫ್ಟ್ ಯಾವ ದ್ವಾರದಲ್ಲಿದೆ ಎಂದು ಹೋಟೆಲಿನಲ್ಲಿ ಕೇಳಿ ಹೊರಡಿ.

ನನ್ನ ಪ್ರೀತಿಯ ವಾಹನ ಮಾತ್ರ ನದಿಯ ದೋಣಿ. ಬಿಟಿಎಸ್‌ನ ಸಫಾನ್ ತಾಕ್ಸಿನ್ ನಿಲ್ದಾಣದ ಕೆಳಗೇ ಸಾಥಾನ್ ಕಟ್ಟೆ. ಇಂಗ್ಲಿಷ್‌ನಲ್ಲಿ ಕೊನೆಗೆ ಆರ್ ಅಕ್ಷರ ಬರೆದಿರುತ್ತಾರೆ, ಓದುವುದು ‘ನ್’. ಅಲ್ಲಿ ಕಿತ್ತಳೆ ಬಾವುಟದ ದೋಣಿ ಹತ್ತಿ. ದರ ದೂರಕ್ಕೆ ತಕ್ಕಂತಲ್ಲ, ಎಲ್ಲಿಗೆ ಹೋದರೂ 16 ಬಾತ್‌ನ ಆಸುಪಾಸು. ಟಿಕೆಟ್ ಕೊಡುವಾಕೆಯ ಕೈಯಲ್ಲಿ ಉದ್ದನೆಯ ತಗಡಿನ ಕೊಳವೆ ಇರುತ್ತದೆ. ಅದರೊಳಗೆ ಚಿಲ್ಲರೆ, ಟಿಕೆಟ್ ಸುರುಳಿ ಎಲ್ಲವೂ. ಮುಚ್ಚಳವನ್ನು ಟಕಟಕ ಎನಿಸುತ್ತಾ ಬರುತ್ತಾಳೆ, ಟಿಕೆಟನ್ನು ಆ ಮುಚ್ಚಳದ ಅಂಚಿನಲ್ಲೇ ಹರಿಯುತ್ತಾಳೆ. ಹಿಂದೆ ನಿಂತ ಹುಡುಗ ಸಿಳ್ಳೆಯಲ್ಲೇ ಚಾಲಕನಿಗೆ ದಾರಿ ಹೇಳುತ್ತಾನೆ. ಉದ್ದ ಸಿಳ್ಳೆ, ಎರಡು ಚಿಕ್ಕ ಸಿಳ್ಳೆ, ದೋಣಿ ಕಟ್ಟೆಗೆ ತಾಗಿ ಹಗ್ಗ ಬಿಗಿಯಾಗುತ್ತದೆ. ದೋಣಿ ನಿಲ್ಲುವುದು ಕೆಲವೇ ಕ್ಷಣ. ತಾಯಿಯವರನ್ನು ಮುಂಚೆಯೇ ಎಬ್ಬಿಸಿ ಅಂಚಿಗೆ ಕರೆದುಕೊಂಡು ಬನ್ನಿ, ಆ ಹುಡುಗನೇ ಕೈಹಿಡಿದು ಇಳಿಸುತ್ತಾನೆ. ಹಿರಿಯರೆಂದರೆ ಅವರಿಗೆ ತುಂಬ ಗೌರವ. ಸೇನ್ ಸೇಪ್ ಕಾಲುವೆಯ ದೋಣಿಗಳು ಮಾತ್ರ ನಿಮಗೆ ಬೇಡ. ಅವಕ್ಕೆ ಅಂಚು ಹಾರಿಯೇ ಹತ್ತಬೇಕು.

ಇನ್ನು ನೋಡುವ ಜಾಗಗಳು. ಐದು ದಿನದಲ್ಲಿ ಹತ್ತು ದೇವಾಲಯ ನೋಡುವ ಬದಲು ಒಂದೇ ಅಂಗಳವನ್ನು ಮನಸಾರೆ ನೋಡಿ ಎನ್ನುತ್ತೇನೆ. ಅದು ಅರಮನೆಯ ಆವರಣದ ವತ್ ಫ್ರ ಕೇವ್, ಮರಕತ ಬುದ್ಧನ ಗುಡಿ. ಬೆಳಿಗ್ಗೆ 8.30ಕ್ಕೆ ಬಾಗಿಲು ತೆರೆಯುತ್ತದೆ, ಪ್ರವೇಶಕ್ಕೆ ತಲಾ 500 ಬಾತ್. ತೆರೆಯುವ ಹೊತ್ತಿಗೇ ಅಲ್ಲಿರಿ. ಏಪ್ರಿಲ್ ಅಲ್ಲಿ ವರ್ಷದಲ್ಲೇ ಅತಿ ಸೆಕೆಯ ತಿಂಗಳು, ಅಂಗಳದಲ್ಲಿ ನೆರಳು ಕಡಿಮೆ. ಪ್ರವೇಶದ್ವಾರದ ಹೆಸರು ‘ವಿಸೇತ್ ಛಾಯ್‌ಸೀ’. ಮೇಲೆ ಹೇಳಿದ ಸೂತ್ರಗಳನ್ನು ಹಾಕಿ ಬಿಡಿಸಿ ನೋಡಿ, ‘ವಿಶೇಷ ಜಯಶ್ರೀ’ ಸಿಗುತ್ತದೆ. ದಾರಿಯಲ್ಲಿ ಯಾರಾದರೂ ಬಂದು ಇಂದು ಅರಮನೆ ಮುಚ್ಚಿದೆ, ಬೇರೆ ಕಡೆ ಕರೆದೊಯ್ಯುತ್ತೇನೆ ಎಂದರೆ ಕೈಮುಗಿದು ಮುಂದೆ ನಡೆಯಿರಿ. ಅವರು ಕರೆದೊಯ್ಯುವುದು ಹರಳಿನ ಅಂಗಡಿಗೆ.

ಒಳಗೆ ಎಲ್ಲರೂ ಚಿನ್ನದ ಸ್ತೂಪದ ಮುಂದೆ ಚಿತ್ರ ತೆಗೆಸಿಕೊಳ್ಳುವಾಗ ನೀವು ಸುತ್ತಲಿನ ಪೌಳಿಗೆ ಹೋಗಿ. ಅಲ್ಲಿ ನೆರಳೂ ಇದೆ, ಗೋಡೆಯುದ್ದಕ್ಕೂ 178 ಅಂಕಣಗಳಲ್ಲಿ ಇಡೀ ರಾಮಕಥೆಯೂ ಇದೆ. ಅದರ ಹೆಸರು ರಾಮಕಿಯನ್, ರಾಮಕೀರ್ತಿ. ಚಿತ್ರದಲ್ಲಿ ಹಸಿರು ಮುಖದವನು ‘ಥೊತ್ಸಕನ್’. ದಕಾರ ಥಕಾರವಾಗಿದೆ, ಶಕಾರ ತಕಾರವಾಗಿದೆ, ಕೊನೆಯ ಠಕಾರ ಬಿದ್ದುಹೋಗಿದೆ. ಹಿಂದಿರುಗಿಸಿದರೆ ನಮ್ಮ ಕಾವ್ಯಗಳ ‘ದಶಕಂಠ’. ‘ಕುಂಫಕನ್’, ‘ಫಿಫೇಕ್’, ‘ಫಾಲೀ’, ‘ಸುಖ್ರೀಪ್’, ‘ಸೀದಾ’, ‘ಫ್ರ ಲಕ್’ ಇವರನ್ನೆಲ್ಲ ತಾಯಿಯವರೇ ಗುರುತಿಸಲಿ. ಬಿಳಿಯ ಕಪಿ ಹನುಮಾನ್. ಹೆಸರು ಬದಲಾಗಿಲ್ಲ, ನಡತೆ ಬದಲಾಗಿದೆ. ಅಲ್ಲಿನ ಹನುಮ ಬ್ರಹ್ಮಚಾರಿಯಲ್ಲ, ಪ್ರಣಯಪ್ರಸಂಗಗಳು ಅವನಿಗೆ ಬೇಕಾದಷ್ಟಿವೆ. ಇದನ್ನು ತಾಯಿಯವರಿಗೆ ಮುಂಚೆಯೇ ಹೇಳಿಡುವುದು ಒಳ್ಳೆಯದು. ಸೇತುಬಂಧದ ಚಿತ್ರದ ಮುಂದೆ ತುಸು ಹೊತ್ತು ನಿಂತು ಕಪಿಗಳ ಒಂದೊಂದು ಮುಖವನ್ನೂ ನೋಡಿ. ಬಾಗಿಲು ಕಾಯುವ ಎತ್ತರದ ದೈತ್ಯರನ್ನು ಅವರು ‘ಯಕ್’ ಎನ್ನುತ್ತಾರೆ. ಯಕ್ಷನೇ ಅದು, ನಮ್ಮ ಹಳೆಗನ್ನಡದ ‘ಜಕ್ಕ’ನ ಸೋದರ. ಕಿರೀಟ, ಭುಜಕೀರ್ತಿ, ಬಣ್ಣದ ಮುಖ ನೋಡಿದಾಗ ನನಗೆ ಪ್ರತಿ ಸಲವೂ ಯಕ್ಷಗಾನದ ಚೌಕಿಯಲ್ಲಿ ವೇಷ ಮುಗಿಸಿ ಎದ್ದು ನಿಂತ ಬಣ್ಣದ ವೇಷಧಾರಿಯ ನೆನಪಾಗುತ್ತದೆ.

ಅಲ್ಲಿಂದ ವತ್ ಫೋ. ಫೋ ಎಂದರೆ ಬೋಧಿ, ಪೂರ್ಣ ಹೆಸರಿನಲ್ಲಿ ಜೇತವನವೂ ಇದೆ. ಮಲಗಿದ ಬುದ್ಧ 46 ಮೀಟರ್ ಉದ್ದ. ಅಂಗಾಲುಗಳಲ್ಲಿ ಮುತ್ತಿನ ಚಿಪ್ಪಿನಿಂದ ಕೆತ್ತಿದ 108 ಮಂಗಳಚಿಹ್ನೆಗಳು. ಅದೇ ಆವರಣದಲ್ಲಿ ಸಾಂಪ್ರದಾಯಿಕ ಅಂಗಮರ್ದನದ ಶಾಲೆಯಿದೆ, ಮೊಣಕಾಲಿನ ವಿಷಯ ಮೊದಲೇ ತಿಳಿಸಿ ಪಾದಗಳಿಗೆ ಮಾತ್ರ ಮಾಡಿಸಿಕೊಳ್ಳಬಹುದು. ಮಧ್ಯಾಹ್ನ ಕೋಣೆಗೆ ಮರಳಿ ಮಲಗಿ. ಸಂಜೆ ಸೀಲೊಮ್‌ನಿಂದ ನೆಲದಡಿಯ ರೈಲಿನಲ್ಲಿ ನೇರವಾಗಿ ಸನಾಮ್ ಛಾಯ್‌ಗೆ ಬನ್ನಿ. ಹಳೆಯ ಒಡ್ಡೋಲಗದಂತೆ ಅಲಂಕರಿಸಿದ ಆ ನಿಲ್ದಾಣವೇ ಒಂದು ನೋಟ. ನಾಲ್ಕು ಹೆಜ್ಜೆಗೆ ಥಾ ತಿಯನ್ ಕಟ್ಟೆ, ಅಲ್ಲಿಂದ ಅಡ್ಡದೋಣಿಯಲ್ಲಿ ಆಚೆ ದಡದ ವತ್ ಅರುಣ್. ಮೆಟ್ಟಿಲು ಕಡಿದು, ತಾಯಿಯವರು ಹತ್ತುವುದು ಬೇಡ. ಗೋಪುರದ ಬುಡದಲ್ಲೇ ನಿಂತು ಚೀನೀ ಪಿಂಗಾಣಿಯ ಚೂರುಗಳಿಂದ ಹೂವು ಕಟ್ಟಿದ ಕೆಲಸವನ್ನು ಹತ್ತಿರದಿಂದ ನೋಡಬಹುದು. ತಟ್ಟೆ, ಬಟ್ಟಲುಗಳ ಬಾಗು ಕೂಡ ಹಾಗೆಯೇ ಉಳಿದಿದೆ.

ಒಂದು ದಿನವನ್ನು ಅಯುತ್ಥಯಾಕ್ಕೆ ಇಡಿ. ಉತ್ತರಕ್ಕೆ ಸುಮಾರು 80 ಕಿಲೋಮೀಟರ್, ರೈಲಿನಲ್ಲಿ ಒಂದೂವರೆ ಗಂಟೆ. ಅಯೋಧ್ಯೆಯ ಹೆಸರು ಹೊತ್ತ ಆ ಹಾಳು ರಾಜಧಾನಿಯನ್ನು ಗಂಟೆಯ ಲೆಕ್ಕದಲ್ಲಿ ಗೊತ್ತುಮಾಡಿದ ತುಕ್ ತುಕ್‌ನಲ್ಲಿ, ಅಂದರೆ ಅಲ್ಲಿನ ಆಟೊದಲ್ಲಿ, ನೋಡಿ. ವತ್ ಮಹಾಥಾತ್, ಅಂದರೆ ಮಹಾಧಾತುವಿನಲ್ಲಿ ಬುದ್ಧನ ತಲೆಯೊಂದು ಮರದ ಬೇರುಗಳ ನಡುವೆ ಸಿಕ್ಕಿಕೊಂಡಿದೆ. ಅದರ ಮುಂದೆ ಚಿತ್ರ ತೆಗೆಸಿಕೊಳ್ಳುವವರು ನಿಲ್ಲಬಾರದು, ನಮ್ಮ ತಲೆ ಅದಕ್ಕಿಂತ ಕೆಳಗಿರುವಂತೆ ಕೂರಬೇಕು. ಚತುಚಕ್ ವಾರಾಂತ್ಯದ ಸಂತೆ ಇಷ್ಟವಿದ್ದರೆ ಬೆಳಿಗ್ಗೆ ಒಂದು ಗಂಟೆ ಸಾಕು. ದೂರದ ತೇಲುವ ಸಂತೆಗಳನ್ನು ಈ ಸಲ ಬಿಟ್ಟುಬಿಡಿ. ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ‘ವನ್ ಚನ್’, ‘ವನ್ ಅಂಗ್‌ಖಾನ್’ ರಜೆ. ಚಂದ್ರವಾರ, ಅಂಗಾರಕವಾರ ಎಂದು ನೀವೇ ಬಿಡಿಸಿಕೊಂಡಿರುತ್ತೀರಿ.

ಉಡುಗೆಗೆ ಸೀರೆ, ಚೂಡಿದಾರ್ ಚೆನ್ನಾಗಿ ಹೊಂದುತ್ತವೆ, ತೋಳು ಮುಚ್ಚಿರಬೇಕು. ಬುದ್ಧನ ಕಡೆ ಕಾಲು ಚಾಚಬಾರದು, ಹೆಂಗಸರು ಭಿಕ್ಷುಗಳನ್ನು ಮುಟ್ಟಬಾರದು, ಕೈಗೆ ಕೈ ತಾಗುವಂತೆ ಏನನ್ನೂ ಕೊಡಬಾರದು. ಬೆಳಿಗ್ಗೆ 8ಕ್ಕೆ, ಸಂಜೆ 6ಕ್ಕೆ ರಾಷ್ಟ್ರಗೀತೆ ಕೇಳಿದರೆ ಉದ್ಯಾನ, ನಿಲ್ದಾಣಗಳಲ್ಲಿ ಎಲ್ಲರೂ ನಿಂತಲ್ಲೇ ನಿಲ್ಲುತ್ತಾರೆ, ನೀವೂ ನಿಲ್ಲಿ. ರಾಜಮನೆತನದ ಬಗ್ಗೆ ಹಗುರವಾದ ಮಾತು ಅಲ್ಲಿ ಕಾನೂನಿನ ಅಪರಾಧ. ನೀವು ಹೋಗುವ ವಾರಕ್ಕೆ ಸ್ವಲ್ಪ ಮುಂಚೆ, ಏಪ್ರಿಲ್ 13ರಿಂದ 15ರವರೆಗೆ, ‘ಸೊಂಗ್‌ಕ್ರಾನ್’ ಇರುತ್ತದೆ. ಸಂಕ್ರಾಂತಿಯೇ, ಆದರೆ ಮಕರದ್ದಲ್ಲ, ಮೇಷದ್ದು. ನಮ್ಮ ತುಳುನಾಡಿನ ಬಿಸುವಿನ ಹೊತ್ತು. ಬೀದಿಬೀದಿಯಲ್ಲಿ ನೀರೆರಚುತ್ತಾರೆ, ಊರುಗಳಿಗೆ ಹೋಗುವವರಿಂದ ರೈಲುಗಳು ತುಂಬಿರುತ್ತವೆ. 17ರ ನಂತರದ ಟಿಕೆಟ್ ಹಿಡಿದರೆ ತಾಯಿಯವರಿಗೆ ಹಿತ.

ವೀಸಾ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಕೊಳ್ಳುವ ಮುಂಚೆ ಥಾಯ್ ರಾಯಭಾರ ಕಚೇರಿಯ ಜಾಲತಾಣದಲ್ಲಿ ನೋಡಿ. 2025ರ ಮೇ 1ರಿಂದ ಡಿಜಿಟಲ್ ಆಗಮನ ಪತ್ರ ಕಡ್ಡಾಯವಾಗಿದೆ. ಇಳಿಯುವ ಮುಂಚಿನ ಮೂರು ದಿನಗಳೊಳಗೆ ತುಂಬಬೇಕು, ಅದಕ್ಕೆ ಶುಲ್ಕವಿಲ್ಲ. ಹಣ ಕೇಳುವ ಜಾಲತಾಣವನ್ನು ಮುಚ್ಚಿಬಿಡಿ. ಬೆಂಗಳೂರಿನಿಂದ ನೇರ ವಿಮಾನಗಳಿವೆ, ಗಡಿಯಾರವನ್ನು ಒಂದೂವರೆ ಗಂಟೆ ಮುಂದೆ ತಿರುಗಿಸಿಕೊಳ್ಳಿ.

ಹಿಂದಿರುಗುವ ಹಿಂದಿನ ರಾತ್ರಿ ಒಂದು ಕೆಲಸ ಮರೆಯಬೇಡಿ. ಊರಿಗೆ ಎರಡು ವಿಮಾನನಿಲ್ದಾಣಗಳಿವೆ, ಒಂದು ಪೂರ್ವಕ್ಕೆ, ಇನ್ನೊಂದು ಉತ್ತರಕ್ಕೆ. ನನ್ನ ಜೊತೆಗಿದ್ದ ಹಿರಿಯರೊಬ್ಬರು ಒಮ್ಮೆ ತಪ್ಪು ನಿಲ್ದಾಣಕ್ಕೆ ಹೋಗಿ ವಿಮಾನ ಕಳೆದುಕೊಂಡರು. ಟಿಕೆಟ್ ತೆಗೆದು ನೋಡಿ. ಬಿಕೆಕೆ ಎಂದಿದ್ದರೆ ಚಾಲಕನಿಗೆ ‘ಪಾಯ್ ಸುವನ್ನಫೂಮ್ ಖ’ ಎನ್ನಿ, ಡಿಎಂಕೆ ಎಂದಿದ್ದರೆ ‘ಪಾಯ್ ದಾನ್ ಮುಅಂಗ್ ಖ’.